ಅಭ್ಯಾಸಕ್ಕೆ ಬರೆದ ರಾಜೀನಾಮೆ

ನಮ್ಮೆಜಮಾನರು ಅಂಚೆ ವಿಂಗಡಿಸುವ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ನಿಂತುಕೊಂಡು ಕೆಲಸ ಮಾಡಿದವರು. ನಿಂತುಕೊಂಡು ಎಂದು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಆ ಕೋಣೆಯ ಗೋಡೆಯ ತುಂಬ ಮರದ ಖಾನೆಗಳು. ಕೂತರೆ ಮೇಲಿನ ಸಾಲಿಗೆ ಕೈ ಎಟುಕುವುದಿಲ್ಲ. ಹಾಗಾಗಿ ಕೆಲಸ ಬಿಟ್ಟು ಮನೆಗೆ ಬಂದ ಮೇಲೂ ಅವರು ಪೇಪರು ಓದುವುದು ನಿಂತೇ, ಹಲ್ಲುನೋವಿಗೆ ನರಳುವುದೂ ನಿಂತೇ. ಬಂದ ಮೊದಲ ವಾರದಲ್ಲಿ ನನ್ನ ಅಡುಗೆಮನೆಯ ಚಮಚಗಳನ್ನೆಲ್ಲ ಉದ್ದದ ಪ್ರಕಾರ ವಿಂಗಡಿಸಿದರು. ಯಾವ ಸಾಲಿಗೂ ಸೇರದ ಒಂದು ಸೌಟನ್ನು ‘ವಿಳಾಸದಾರರು ಪತ್ತೆಯಿಲ್ಲ’ ಎಂದು ಅಟ್ಟಕ್ಕೆ ಹಾಕಿದರು. ಮೂರು ತಿಂಗಳು ನಾನು ಲೋಟದಲ್ಲಿ ಬಡಿಸಿದೆ.

ಇಂಥವರು ಸಲಹೆಗಾರರಾದದ್ದು ಹೇಗೆಂದರೆ, ಮೂರಂಶದವರ ದೆಸೆಯಿಂದ.

ಮೂರಂಶದವರು ಎಂದರೆ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ದೊಡ್ಡ ಮನುಷ್ಯರು. ಏನೇ ಕೇಳಿದರೂ ‘ಇದರಲ್ಲಿ ಮೂರು ಅಂಶಗಳಿವೆ’ ಎಂದು ಶುರುಮಾಡುತ್ತಿದ್ದರು. ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದರೂ ಅಷ್ಟೇ. ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆ ಹಿಡಿದು ಅವರೊಂದು ಕಚೇರಿ ತೆರೆದಿದ್ದರು. ಸೇವಾ ಸಂಸ್ಥೆಗಳಿಗೆ, ಅಂದರೆ ಶಿಶುವಿಹಾರ, ಗ್ರಂಥಾಲಯ, ಕುರುಡರ ಶಾಲೆ ಇಂಥವಕ್ಕೆ, ಮುಂದಿನ ಐದು ವರ್ಷ ಏನು ಮಾಡಬೇಕು, ಯಾರು ಮುಂದಾಳಾಗಬೇಕು ಎಂದು ಯೋಜನೆ ಹಾಕಿಕೊಡುವ ಕಚೇರಿ. ಅವರ ಸೊಸೆ ಬಿಳಿ ಹಲಗೆಯ ಮೇಲೆ ವೃತ್ತ ಬರೆದು, ವೃತ್ತದಿಂದ ವೃತ್ತಕ್ಕೆ ಬಾಣ ಬಿಡುತ್ತಿದ್ದಳು. ಬಾಣದ ಮೇಡಂ ಎಂದು ಅವಳ ಹೆಸರೇ ಆಗಿಹೋಗಿತ್ತು. ಕಡತ ನೋಡಿಕೊಳ್ಳಲು ನಮ್ಮೆಜಮಾನರು. ಗುಡಿಸಿ ಚಹಾ ಮಾಡಲು ನಾನು. ಇಷ್ಟೇ ಸಂಸಾರ.

ಮೂರಂಶದವರು ಉದಾರಿಗಳು. ನಮ್ಮೆಜಮಾನರಿಗೂ ‘ಸಹಾಯಕ ಸಲಹೆಗಾರರು’ ಎಂದು ಪರಿಚಯದ ಚೀಟಿ ಅಚ್ಚು ಹಾಕಿಸಿಕೊಟ್ಟರು. ಅದನ್ನು ಇವರು ಮೊದಲು ಕೊಟ್ಟದ್ದು ತಮ್ಮ ಅಕ್ಕನಿಗೆ. ನನ್ನ ಅತ್ತಿಗೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಏನಪ್ಪಾ ಸಲಹೆ ಕೊಡ್ತೀಯ ನೀನು? ಕೊಡೆ ಕೈಯಲ್ಲಿ ಹಿಡ್ಕೊಂಡು ಕೊಡೆ ಹುಡುಕೋನು.”

“ಅಕ್ಕ, ಇದು ನಾಯಕತ್ವದ ವಿಷಯ. ಕೊಡೆದಲ್ಲ.”

“ಆಗಲಿ. ಮೊದಲು ಕೂತ್ಕೋ.”

ಇವರು ಕೂರಲಿಲ್ಲ.

ಆಗ ನಮ್ಮ ಕಚೇರಿಗೆ ಬಂದ ದೊಡ್ಡ ಕೆಲಸವೆಂದರೆ ದೊಡ್ಡಕ್ಕನ ಸಂಜೆ ಶಾಲೆಯದು. ದುಡಿದು ಬಂದವರಿಗೆ ಅಕ್ಷರ ಕಲಿಸುವ ಶಾಲೆ ಅದು. ನಾನೂ ಅಲ್ಲಿ ಮೂರನೇ ತರಗತಿಯಲ್ಲಿದ್ದೆ. ದೊಡ್ಡಕ್ಕ ಅದನ್ನು ಕಟ್ಟಿ ಮೂವತ್ತೊಂದು ವರ್ಷವಾಗಿತ್ತು. ಅಧ್ಯಕ್ಷರೂ ಅವರೇ, ಟೀಚರೂ ಅವರೇ, ಮಳೆ ಬಂದರೆ ಬಕೆಟ್ ಇಡುವವರೂ ಅವರೇ. ಶಾಲೆಗೆ ನೆರವು ಕೊಡುವವರು ಒಂದು ಷರತ್ತು ಹಾಕಿದ್ದರು: ಈಕೆಯ ನಂತರ ಯಾರು ಎಂಬುದು ಬರಹದಲ್ಲಿ ಬೇಕು. ಅದನ್ನು ಬರೆಸಿಕೊಡುವುದು ನಮ್ಮ ಕಚೇರಿಯ ಹೊಣೆ.

ಆರು ತಿಂಗಳು ನಮ್ಮವರು ಓಡಾಡಿದರು. ದೊಡ್ಡಕ್ಕ ಎಲ್ಲದಕ್ಕೂ ‘ನೋಡೋಣ’ ಎಂದರು. ಕೊನೆಗೆ ಮೂರಂಶದವರು ನೇರವಾಗಿಯೇ ಕೇಳಿದರು, “ದೊಡ್ಡಕ್ಕ, ನಿಮ್ಮ ನಂತರ ಯಾರು?”

“ನನ್ನ ನಂತರ ಮುಂದಿನ ಬೆಂಚಿನವರು, ಆಮೇಲೆ ಹಿಂದಿನ ಬೆಂಚಿನವರು. ಸಾಲಾಗಿ ಹೊರಗೆ ಹೋಗ್ತಾರೆ. ತಳ್ಳಾಟ ಇಲ್ಲ.”

ಇನ್ನು ಉಳಿದದ್ದು ‘ನಾಳೆ ನೀವಿಲ್ಲ’ ಎಂಬ ಅಭ್ಯಾಸ ಒಂದೇ. ಇದು ಬಾಣದ ಮೇಡಂ ಎಲ್ಲಿಂದಲೋ ಕಲಿತು ಬಂದ ಕ್ರಮ. ಸಂಸ್ಥೆಯ ಮುಖ್ಯಸ್ಥರನ್ನು ಒಂದು ಕೋಣೆಯಲ್ಲಿ ಕೂರಿಸಿ, ನಾಳೆಯಿಂದ ತಾವು ಇಲ್ಲವೆಂದು ಭಾವಿಸಿಕೊಂಡು ಒಂದು ರಾಜೀನಾಮೆ ಬರೆಯಲು ಹೇಳುವುದು. ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ತಮ್ಮ ಸಂಸ್ಥೆಯ ಕಾರ್ಯದರ್ಶಿಯ ವಿಳಾಸ ಬರೆಯಬೇಕು. ಅದು ಕಚೇರಿಯ ಕಡತದಲ್ಲಿ ಒಂದು ವರ್ಷ ಇರುತ್ತದೆ. ವರ್ಷದ ನಂತರ ಬರೆದವರಿಗೇ ಕೊಟ್ಟು ಓದಿಸುವುದು. ಇದರಿಂದ ಮನಸ್ಸು ಹದವಾಗುತ್ತದಂತೆ.

ದೊಡ್ಡಕ್ಕ ಮೊದಲು ಒಪ್ಪಲಿಲ್ಲ. “ಸುಳ್ಳು ಕಾಗದ ಬರೀಬಾರದು ಅಂತ ಮಕ್ಕಳಿಗೆ ನಾನೇ ಹೇಳ್ತೀನಿ” ಎಂದರು. ಮಕ್ಕಳು ಎಂದರೆ ನಾವು. ನಮ್ಮ ತರಗತಿಯ ಅತಿ ಚಿಕ್ಕ ಮಗುವಿಗೆ ನಲವತ್ತು ದಾಟಿತ್ತು. ಆಮೇಲೆ, ಬಾಣದ ಮೇಡಂ ಮುಖ ಚಿಕ್ಕದಾದದ್ದು ನೋಡಿ ಪೆನ್ನು ತೆಗೆದುಕೊಂಡರು. ಬರೆಯಲು ಅರ್ಧ ಗಂಟೆ ಹಿಡಿಯಿತು. ನಾನು ಇಟ್ಟ ಚಹಾ ಆರಿಹೋಯಿತು.

ಬಾಣದ ಮೇಡಂ ಆ ಹಸಿರು ಲಕೋಟೆಯನ್ನು ತಂದು ನಮ್ಮೆಜಮಾನರ ಮೇಜಿನ ಮೇಲೆ, ಕಡತದ ಪಕ್ಕದಲ್ಲಿ ಇಟ್ಟು ಹೋದಳು. ಕಡತಕ್ಕೆ ಸೇರಬೇಕಾದದ್ದು ಎಂದು ಬೇರೆ ಹೇಳಬೇಕಾಗಿಲ್ಲವೆಂದು ಅವಳ ಎಣಿಕೆ. ಬೇರೆ ಯಾವ ಗಂಡಸಾದರೂ ಕಡತಕ್ಕೇ ಸೇರಿಸುತ್ತಿದ್ದ.

ಆದರೆ ಇವರು ಯಾರು? ಇಪ್ಪತ್ತೆರಡು ವರ್ಷದ ಕಣ್ಣು. ಅಂಟಿಸಿದ ಲಕೋಟೆ, ಸ್ಫುಟವಾದ ವಿಳಾಸ, ಅಂಚೆ ಚೀಟಿ ಇಲ್ಲ. ಅಂಥ ಕಾಗದವೊಂದು ಮೇಜಿನ ಮೇಲೆ ಮಲಗಿರುವುದನ್ನು ನೋಡಿದರೆ, ಬೀದಿಯಲ್ಲಿ ದಾರಿ ತಪ್ಪಿದ ಕೂಸನ್ನು ನೋಡಿದಂತೆ ಅವರ ಕರುಳು ಮಿಡಿಯುತ್ತದೆ. ತಮ್ಮ ಕಿಸೆಯಲ್ಲಿ ಸದಾ ಇರುವ ಅಂಚೆ ಚೀಟಿಯೊಂದನ್ನು ತೆಗೆದು ನಾಲಿಗೆಗೆ ಸವರಿ, ಅಂಟಿಸಿ, ನಾಲ್ಕು ಗಂಟೆಗೆ ಅಂಚೆ ಡಬ್ಬ ತೆರವು ಮಾಡುವ ಮೊದಲೇ ಅದಕ್ಕೆ ಹಾಕಿ ಬಂದರು.

ಮನೆಗೆ ಬಂದು ನಿಂತುಕೊಂಡೇ ಚಹಾ ಕುಡಿಯುತ್ತ ಹೇಳಿದರು, “ಇವತ್ತು ಒಂದು ಕಾಗದದ ಪ್ರಾಣ ಉಳಿಸಿದೆ ಕಣೇ.”

“ಯಾವ ಕಾಗದ?”

“ಹಸಿರು ಲಕೋಟೆ. ಪಾಪ, ಚೀಟಿ ಹಚ್ಚೋದೇ ಮರೆತಿದ್ರು.”

ನಾನು ಒಲೆ ಆರಿಸಿದೆ. ವಿಷಯ ತಿಳಿಹೇಳಿದೆ. ಮೊದಲ ಸಲ ಹೇಳಿದಾಗ ಅವರು ನಕ್ಕರು. ಎರಡನೆಯ ಸಲಕ್ಕೆ ಲೋಟ ಕೆಳಗಿಟ್ಟರು. ಮೂರನೆಯ ಸಲ ಹೇಳುವಷ್ಟರಲ್ಲಿ ಚಪ್ಪಲಿ ಹಾಕಿಕೊಂಡು ಬಾಗಿಲಾಚೆ ಇದ್ದರು, ಒಂದು ನನ್ನದು, ಒಂದು ಅವರದು. ಉಳಿದ ಜೊತೆ ಮೆಟ್ಟಿಕೊಂಡು ನಾನೂ ಹಿಂದೆಯೇ ಓಡಿದೆ.

ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತಿದ್ದವನು ಇವರ ಕೈಕೆಳಗೆ ಪಳಗಿದ ಶಿಷ್ಯ. ಗುರುಗಳನ್ನು ಕಂಡು ಎದ್ದು ನಿಂತ. ಇವರು ಲಕೋಟೆಯ ಬಣ್ಣ, ಅಳತೆ, ವಿಳಾಸ ಎಲ್ಲ ಹೇಳಿ, ವಾಪಸ್ ಕೊಡು ಎಂದರು.

“ಸಾರ್, ಡಬ್ಬಕ್ಕೆ ಬಿದ್ದ ಕಾಗದ ಹಾಕಿದವರದಲ್ಲ, ವಿಳಾಸದವರದು. ಇದನ್ನ ನನಗೆ ಕಲಿಸಿದವರು ಯಾರು?”

“ನಾನೇ.”

“ಒಬ್ಬರು ಅಳ್ತಾ ಬಂದು ಕೇಳಿದಾಗ ನೀವು ಏನಂದ್ರಿ?”

“ಕಣ್ಣೀರಿಗೆ ಅಂಚೆ ಕಾಯಿದೆಯಲ್ಲಿ ಜಾಗ ಇಲ್ಲ ಅಂದೆ.”

“ಹಾಗಾದ್ರೆ ನಾನೇನು ಮಾಡ್ಲಿ, ಹೇಳಿ.”

“ಕೊಡಬೇಡ” ಎಂದು ಇವರು ಹೊರಗೆ ಬಂದುಬಿಟ್ಟರು. ದಾರಿಯುದ್ದಕ್ಕೂ ನನ್ನೊಡನೆ ಆ ಹುಡುಗನ ಗುಣಗಾನ. ಪಾಠ ಎಷ್ಟು ಚೆನ್ನಾಗಿ ನೆನಪಿಟ್ಟಿದಾನೆ ನೋಡಿದೆಯಾ ಎಂದು. ನಮ್ಮ ಗಲ್ಲಿಯ ತಿರುವಿನಲ್ಲಿ ಮಾತ್ರ, ತಾವು ಹೋದದ್ದು ಯಾತಕ್ಕೆಂದು ನೆನಪಾಗಿ ಗಕ್ಕನೆ ನಿಂತರು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಕಚೇರಿಯಲ್ಲಿ ತಪ್ಪೊಪ್ಪಿಗೆ ಆಯಿತು. ಅಂಚೆಯವನು ಕಾರ್ಯದರ್ಶಿಗಳ ಮನೆ ತಲುಪುವುದು ಹನ್ನೊಂದಕ್ಕೆ. ನಡೆದರೆ ಅವರ ಮನೆ ಹತ್ತು ನಿಮಿಷ. ಹೋಗಿ, ಹೀಗೆ ಹೀಗೆ ಒಂದು ಕಾಗದ ಬರುತ್ತದೆ, ಅದು ಅಭ್ಯಾಸದ್ದು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹಾಗೆ ಹೇಳಿಯೂ ಹೇಳಿದೆ.

ಮೂರಂಶದವರು ಕೈ ಎತ್ತಿದರು. “ಆತುರ ಬೇಡಮ್ಮ. ಇದರಲ್ಲಿ ಮೂರು ಅಂಶಗಳಿವೆ. ಸೊಸೆ, ಹಲಗೆ ಒರೆಸು.”

ಬಾಣದ ಮೇಡಂ ಹಲಗೆಯನ್ನು ನಾಲ್ಕು ಭಾಗ ಮಾಡಿದಳು. ನಮ್ಮ ಬಲ ಏನು, ದೌರ್ಬಲ್ಯ ಏನು, ಅವಕಾಶ ಏನು, ಆತಂಕ ಏನು. ಬಲದ ಕೆಳಗೆ ‘ಸತ್ಯ’ ಎಂದು ಬರೆದರು. ದೌರ್ಬಲ್ಯದ ಕೆಳಗೆ ನಮ್ಮೆಜಮಾನರ ಹೆಸರು ಬರೆದು, ಅವರೇ ಎದುರಿಗಿದ್ದಾರಲ್ಲ ಎಂದು ಒರೆಸಿ, ‘ಮಾನವ ಸಂಪನ್ಮೂಲ’ ಎಂದು ಬರೆದರು. ಅವಕಾಶದ ಚೌಕದಲ್ಲಿ ಏನೂ ಹೊಳೆಯದೆ ಎರಡು ಸಲ ಚಹಾ ತರಿಸಿದರು. ‘ಕಾರ್ಯದರ್ಶಿಗಳಿಗೆ ಮುಂಚಿತವಾಗಿ ತಿಳಿಸುವುದು’ ಎಂಬ ತೀರ್ಮಾನಕ್ಕೆ ಕೊನೆಯ ಬಾಣ ಬಂದು ನಾಟಿದಾಗ ಗಡಿಯಾರ ಹನ್ನೆರಡೂಕಾಲು.

ಯೋಜನೆ ಮಾತ್ರ ಬಹಳ ಚೆಂದವಾಗಿತ್ತು. ಅದನ್ನು ಆಮೇಲೆ ಎರಡು ವರ್ಷ ಹಲಗೆಯಿಂದ ಒರೆಸಲಿಲ್ಲ.

ಕಾರ್ಯದರ್ಶಿಗಳ ಮನೆಯಲ್ಲಿ ನಡೆದದ್ದಕ್ಕೆ ಎದುರುಮನೆಯ ನನ್ನ ಅತ್ತಿಗೆಯೇ ಸಾಕ್ಷಿ. ಅವರು ನಿವೃತ್ತ ಸರ್ವೆಯರ್. ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದು, ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ’ ಎಂದು ಬರೆದೂ ಬರೆದೂ ಬೇಸತ್ತವರು. ಹೊರಗೆ ನಿಂತೇ ಕಾಗದ ಒಡೆದು ಓದಿದರಂತೆ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರಂತೆ. ಆಮೇಲೆ ಹೆಂಡತಿಯನ್ನು ಕರೆದು, “ಇವಳೇ, ಆ ಬಿಳೀ ಶರಟು ಎಲ್ಲಿದೆ?” ಎಂದರಂತೆ.

“ಯಾರು ಹೋದ್ರು?” ಎಂದು ಆಕೆ ಗಾಬರಿಯಾದರು; ಸಾವಿನ ಮನೆಗೆ ಬಿಟ್ಟರೆ ಆ ಶರಟು ಪೆಟ್ಟಿಗೆಯಿಂದ ಹೊರಗೆ ಬರುತ್ತಿರಲಿಲ್ಲ.

“ಯಾರೂ ಹೋಗಿಲ್ಲ. ಹೊಸ ಅಧ್ಯಕ್ಷರೊಬ್ಬರು ಬರ್ತಿದ್ದಾರೆ.”

ಮಧ್ಯಾಹ್ನವೇ ಅವರ ಮನೆಯಲ್ಲಿ ಸಮಿತಿ ಸೇರಿತು. ಸಮಿತಿ ಎಂದರೆ ಕಾರ್ಯದರ್ಶಿ, ಔಷಧಿ ಅಂಗಡಿಯ ಖಜಾಂಚಿ ಮತ್ತು ಸಭೆಯಲ್ಲಿ ನಿದ್ದೆಹೋಗುವ ಒಬ್ಬ ಸದಸ್ಯರು. ‘ಅತ್ಯಂತ ವಿಷಾದದಿಂದ’ ರಾಜೀನಾಮೆ ಅಂಗೀಕಾರವಾಯಿತು; ಮುಂದಿನ ಅಧ್ಯಕ್ಷರು ಕಾರ್ಯದರ್ಶಿಗಳೇ ಎಂದೂ ಆಯಿತು. ಶನಿವಾರ ಮೂರು ಗಂಟೆಗೆ ಬೀಳ್ಕೊಡುಗೆ. ಉಡುಗೊರೆ ಒಂದು ಗೋಡೆ ಗಡಿಯಾರ. ಸಂಜೆಯೊಳಗೆ ಕೆಳಗಿನ ದರ್ಜಿಗೂ ಸುದ್ದಿ ಮುಟ್ಟಿತ್ತು. ದರ್ಜಿಗೆ ಮುಟ್ಟಿತೆಂದರೆ ಊರಿಗೆ ಡಂಗುರ ಬೇಕಿಲ್ಲ.

ಒಬ್ಬರಿಗೆ ಮಾತ್ರ ಯಾರೂ ಹೇಳಲಿಲ್ಲ. ಬರೆದವರೇ ಅವರಲ್ಲವೇ, ಅವರಿಗೇನು ಹೇಳುವುದು ಎಂದು ಎಲ್ಲರೂ ಅಂದುಕೊಂಡರು. ನಮ್ಮ ಕಚೇರಿಯವರು ಹೇಳಬೇಕಿತ್ತು. ಆದರೆ ಹೇಗೆ ಹೇಳುವುದು ಎಂಬುದರ ಮೇಲೆ, ಹೊಸದೊಂದು ಹಲಗೆ ತರಿಸಿ, ಚರ್ಚೆ ನಡೆಯುತ್ತಿತ್ತು.

ಹೀಗಾಗಿ ಬುಧವಾರದಿಂದ ದೊಡ್ಡಕ್ಕನಿಗೆ ಲೋಕ ವಿಚಿತ್ರವಾಗಿ ಕಾಣತೊಡಗಿತು. ಹಾಲಿನವಳು ಕೈ ಹಿಡಿದು “ಇನ್ನಾದ್ರೂ ವಿಶ್ರಾಂತಿ ತಗೊಳ್ಳಿ ಅಕ್ಕ” ಎಂದಳು. ದಿನಸಿ ಅಂಗಡಿಯವನು ಸರದಿ ತಪ್ಪಿಸಿ ಮೊದಲು ಕೊಟ್ಟ. ಖಜಾಂಚಿ ದೂರದಲ್ಲಿ ಕಂಡವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ದೊಡ್ಡಕ್ಕ ಬುದ್ಧಿವಂತರು; ನಾಲ್ಕು ಜನ ನಾಲ್ಕು ಕಡೆ ಕರುಣೆ ತೋರಿಸಿದರೆ ಕಾರಣ ಇದ್ದೇ ಇರಬೇಕೆಂದು ನೇರವಾಗಿ ಡಾಕ್ಟರ ಹತ್ತಿರ ಹೋದರು. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದ್ದರು. “ನನಗೇನಾಗಿದೆ ಹೇಳಿಬಿಡಿ” ಎಂದರು. ಡಾಕ್ಟರ ಕೋಟು ಹೊಲಿಯುವವನೂ ಅದೇ ದರ್ಜಿ. ಅವರು ಎದ್ದು ಬಂದು, “ಎಷ್ಟು ಜನಕ್ಕೆ ಬೆಳಕಾದ್ರಿ ತಾಯಿ” ಎಂದು ಬಾಗಿಲವರೆಗೂ ಕಳಿಸಿಕೊಟ್ಟರು.

ಮರುದಿನ ಅವರು ನನ್ನನ್ನು ಮನೆಗೆ ಕರೆಸಿದರು. ಹೋದಾಗ ಮೇಜಿನ ಮೇಲೆ ಸೀರೆಗಳನ್ನು ಮಡಿಸಿ, ಮೇಲೆ ಒಂದೊಂದು ಹೆಸರಿನ ಚೀಟಿ ಇಡುತ್ತಿದ್ದರು.

“ನೀನು ಸುಳ್ಳು ಹೇಳಲ್ಲ. ಎಷ್ಟು ದಿನ ಅಂದಿದಾರೆ?”

ವಿಷಯ ಕೊನೆಗೂ ಇವರ ಕಿವಿಗೆ ಬಿದ್ದಿದೆಯೆಂದು ನನ್ನ ಎದೆ ಹಗುರಾಯಿತು. “ಶನಿವಾರ ದೊಡ್ಡಕ್ಕ. ಮೂರು ಗಂಟೆಗೆ” ಎಂದೆ.

ಅವರು ಕುರ್ಚಿ ಹಿಡಿದು ಕೂತರು. “ಗಂಟೆ ಕೂಡ ಹೇಳಿದಾರಾ?”

“ಹೂಂ. ಗಡಿಯಾರಾನೂ ತಂದಿಟ್ಟಿದಾರೆ.”

ಅವರ ಮುಖ ನೋಡಿದ ಮೇಲೆ ನನಗೆ ಎಲ್ಲೋ ಎಡವಿದೆ ಅನ್ನಿಸಿತು. ನೆಲದ ಮೇಲೆ ಕೂತು ಮೊದಲಿನಿಂದ ಹೇಳಿದೆ. ಹಸಿರು ಲಕೋಟೆ, ನಮ್ಮವರ ನಾಲಿಗೆ, ಡಬ್ಬ, ಹಲಗೆ, ಸಮಿತಿ. ಸಾಯುವುದಿಲ್ಲವೆಂದು ತಿಳಿದರೆ ಯಾರಿಗಾದರೂ ಸಂತೋಷವಾಗಬೇಕು. ದೊಡ್ಡಕ್ಕ ಕಿಟಕಿಯ ಕಡೆ ನೋಡುತ್ತ ಒಂದೇ ಕೇಳಿದರು.

“ಸಮಿತಿ ಎಷ್ಟು ಹೊತ್ತು ಕೂತಿತ್ತು?”

ನನ್ನ ಅತ್ತಿಗೆ ತಮ್ಮ ಕಿಟಕಿಯಲ್ಲಿ ನಿಂತು ಎಣಿಸಿದ್ದಳು. “ಒಂಬತ್ತು ನಿಮಿಷ.”

“ಅದರಲ್ಲಿ ಚಹಾಕ್ಕೆ?”

“ಐದು.”

“ಮೂವತ್ತೊಂದು ವರ್ಷಕ್ಕೆ ನಾಲ್ಕು ನಿಮಿಷ” ಎಂದರು. ಆಮೇಲೆ ಒಂದೊಂದಾಗಿ ಸೀರೆಯ ಮೇಲಿನ ಚೀಟಿಗಳನ್ನು ತೆಗೆದರು. ನನ್ನ ಹೆಸರಿನದು ಹಸಿರು ಅಂಚಿನ ಸೀರೆಯ ಮೇಲಿತ್ತು; ನಾನು ನೋಡದವಳ ಹಾಗೆ ಇದ್ದೆ.

“ನನ್ನ ಗಂಡ ನಿಮ್ಮ ಕಾಲಿಗೆ ಬೀಳ್ತಾರೆ ದೊಡ್ಡಕ್ಕ. ಎಲ್ಲರ ಮುಂದೆ ನಿಜ ಹೇಳ್ತಾರೆ. ಕಾಗದ ವಾಪಸ್ ಆಗುತ್ತೆ.”

“ಶನಿವಾರ ಬರೋಕೆ ಹೇಳು” ಎಂದರು, ಅಷ್ಟೇ. ಅವರ ಮನಸ್ಸಿನಲ್ಲಿ ಏನಿದೆಯೆಂದು ಮೂವತ್ತೊಂದು ವರ್ಷದಲ್ಲಿ ಯಾರಿಗೂ ತಿಳಿದಿರಲಿಲ್ಲ, ನನಗೆಲ್ಲಿ ತಿಳಿಯಬೇಕು.

ಶನಿವಾರ ಶಾಲೆಯ ಉದ್ದ ಕೋಣೆ ತುಂಬಿಹೋಗಿತ್ತು. ಕಾರ್ಯದರ್ಶಿಗಳು ಬಿಳೀ ಶರಟಿನಲ್ಲಿದ್ದರು. ಅವರ ಹೆಂಡತಿ ಮುಂದಿನ ಸಾಲಿನಲ್ಲಿ ತಮ್ಮ ಕಡೆಯ ಏಳು ಜನ ನೆಂಟರನ್ನು ಕೂರಿಸಿದ್ದರು. ವಿಷಾದದ ಭಾಷಣ ಶುರುವಾಗಿ, ‘ತುಂಬಲಾರದ ಸ್ಥಾನ’ ಎಂಬಲ್ಲಿಗೆ ಬರುತ್ತಲೇ ನಮ್ಮೆಜಮಾನರು ಬಾಯಿ ತೆರೆದರು. ಎದ್ದು ಮಾತಾಡಿದರು ಎಂದು ಬರೆಯುವಂತಿಲ್ಲ, ಮೊದಲಿನಿಂದ ನಿಂತೇ ಇದ್ದರು.

“ಆ ಕಾಗದ ಹಾಕಿದ್ದು ನಾನು. ಅವರಲ್ಲ. ಅದು ಅಭ್ಯಾಸಕ್ಕೆ ಬರೆದದ್ದು. ತಪ್ಪು ನನ್ನದು. ಚೀಟಿ ಕೂಡ ನಂದೇ.”

ಗುಜುಗುಜು ಎದ್ದಿತು. ಮೂರಂಶದವರು ಎದ್ದು, “ಇದರಲ್ಲಿ ಮೂರು ಅಂಶಗಳಿವೆ” ಎಂದವರು, ಎರಡು ಹೇಳಿ, ಮೂರನೆಯದು ಬಾರದೆ ಕೂತುಬಿಟ್ಟರು. ಅವರನ್ನು ಹಾಗೆ ನಾವು ಕಂಡದ್ದು ಅದೊಂದೇ ಸಲ. ಕಾರ್ಯದರ್ಶಿಗಳ ಶರಟಿನ ಕಾಲರು ಬೆವರಿತು.

ದೊಡ್ಡಕ್ಕ ಕೇಳಿದರು, “ಕಾಗದ ಬರೆದೋರು ಯಾರು?”

“ನೀವು” ಎಂದರು ನಮ್ಮವರು.

“ಅಂಟಿಸಿ ವಿಳಾಸ ಬರೆದೋರು?”

“ನೀವೇ.”

“ಮತ್ತೆ ನಿಮ್ಮ ತಪ್ಪೇನು? ಅಭ್ಯಾಸ ಅಂತ ಬರೆಯೋಕೆ ಕೂತೆ. ಅರ್ಧಕ್ಕೆ ಬಂದಾಗ ನೋಡಿದ್ರೆ ಎಲ್ಲ ನಿಜಾನೇ ಬರೀತಿದ್ದೆ. ಮಂಡಿ ನೋವು, ಬೋರ್ಡಿನ ಮೇಲಿನ ಸಾಲು ಕಾಣೋದಿಲ್ಲ, ಎಲ್ಲಾ. ಬರೆಯೋಕೆ ನನಗೆ ಬಂತು. ಡಬ್ಬಕ್ಕೆ ಹಾಕೋಕೆ ನನ್ನಿಂದ ಆಗ್ತಿರಲಿಲ್ಲ. ಕಾರ್ಯದರ್ಶಿಗಳೇ, ಇಲ್ಲಿ ಬನ್ನಿ. ನನ್ನ ಪಕ್ಕ ಕೂತ್ಕೊಳ್ಳಿ.”

ಅವರು ಗೆದ್ದ ಮುಖ ಹೊತ್ತು ಬಂದು ಕೂತರು. ದೊಡ್ಡಕ್ಕ ಚೀಲದಿಂದ ತಟ್ಟೆಯಗಲದ ಒಂದು ಕಬ್ಬಿಣದ ಬಳೆ ತೆಗೆದರು. ಅದರ ತುಂಬ ಬೀಗದ ಕೈಗಳು, ನಲವತ್ತು. ಯಾವುದಕ್ಕೂ ಗುರುತಿಲ್ಲ.

“ಇದು ಸ್ಲೇಟಿನ ಬೀರುವಿಂದು. ತಿರುಗಿಸೋ ಮೊದಲು ಬಾಗಿಲನ್ನ ಮಂಡಿಯಿಂದ ಒತ್ತಬೇಕು. ಕೈಯಿಂದ ಅಲ್ಲ. ಹೋಗಿ ಒತ್ತಿ ನೋಡಿ.”

ಅಷ್ಟು ಜನರ ಎದುರಿಗೆ ಅವರು ಹೋಗಿ ಮಂಡಿಯಿಂದ ಒತ್ತಿದರು. ನಾಲ್ಕನೆಯ ಸಲ ತೆಗೆಯಿತು.

“ಇದು ಎರಡನೇದು. ಇದಕ್ಕೆ ಬೀಗವೇ ಇಲ್ಲ. ಎಸೀಬೇಡಿ.”

“ಯಾಕೆ ದೊಡ್ಡಕ್ಕ?”

“ಹಳೇ ಕಟ್ಟಡದ್ದು. ನಮ್ಮನ್ನ ಅಲ್ಲಿಂದ ಎಬ್ಬಿಸಿದಾಗ ನಾನು ವಾಪಸ್ ಕೊಟ್ಟಿಲ್ಲ. ಅವರು ಈಗಲೂ ಹುಡುಕ್ತಿರಬೇಕು. ಇದು ಹಾಜರಿ ಪುಸ್ತಕದ ಪೆಟ್ಟಿಗೆದು. ಎರಡನೇ ತರಗತಿಯ ಇಸ್ತ್ರಿ ಮಾಡೋಳು ಎರಡು ದಿನ ಬರದಿದ್ರೆ, ಮೂರನೇ ದಿನ ಅವಳ ಅತ್ತೆ ಜೊತೆ ಜಗಳ ಆಡ್ಬೇಕು. ಬೀದಿಗೆ ಕೇಳೋ ಹಾಗೆ. ಮುಂದಿನ ಜಗಳ ಬರೋ ಗುರುವಾರ.”

“ನನಗೆ ಜಗಳ ಆಡೋಕೆ ಬರಲ್ಲ ದೊಡ್ಡಕ್ಕ.”

“ಬರುತ್ತೆ, ಬರುತ್ತೆ” ಎಂದಿತು ಮುಂದಿನ ಸಾಲಿನಿಂದ ಅವರ ಹೆಂಡತಿಯ ದನಿ.

ಬಾಣದ ಮೇಡಂ ಹಲಗೆಯ ಗೊಡವೆಗೆ ಹೋಗದೆ, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಒಂದೇ ಸಮನೆ ಬರೆಯುತ್ತಿದ್ದಳು. ಆರು ತಿಂಗಳು ಕೇಳಿ ಸಿಗದ ಯೋಜನೆ ಅಲ್ಲಿ ಬೀಗದ ಕೈ ಬೀಗದ ಕೈಯಾಗಿ ಇಳಿಯುತ್ತಿತ್ತು.

ಹನ್ನೊಂದನೆಯದಕ್ಕೆ ಬಂದಾಗ ದೊಡ್ಡಕ್ಕ ದನಿ ತಗ್ಗಿಸಿದರು. ನಾನು ಪಕ್ಕದಲ್ಲಿ ಚಹಾದ ತಟ್ಟೆ ಹಿಡಿದಿದ್ದರಿಂದ ಕೇಳಿತು.

“ಇದು ಹಿಂದಿನ ಬಾಗಿಲಿಂದು. ಕೊನೇ ಬೆಂಚಲ್ಲಿ ಕೂತಿದಾನಲ್ಲ, ಗೋಡೆಗೆ ಬಣ್ಣ ಬಳಿಯೋ ಮುದುಕ. ಆರು ವರ್ಷದಿಂದ ಒಂದನೇ ತರಗತಿ. ಅವನಿಗೆ ಓದೋಕೆ ಚೆನ್ನಾಗಿ ಬರುತ್ತೆ. ಬರಲ್ಲ ಅಂತ ನಟಿಸ್ತಾನೆ. ಹೆಂಡತಿ ಹೋದ ಮೇಲೆ ಸಂಜೆ ಹೊತ್ತು ಆ ಮನೇಲಿ ಇರೋಕೆ ಅವನಿಗಾಗಲ್ಲ. ಪಾಸ್ ಮಾಡಿದ್ರೆ ಬರೋದು ನಿಲ್ಲುತ್ತೆ. ಮಾಡಬೇಡಿ.”

ಕಾರ್ಯದರ್ಶಿಗಳು ಹಿಂದಿನ ಬೆಂಚಿನತ್ತ ನೋಡಿದರು. ಮುದುಕ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ಕೂತಿದ್ದ. ಕಾರ್ಯದರ್ಶಿಗಳು ಕಾಲರಿನ ಗುಂಡಿ ಬಿಚ್ಚಿ, ಸಣ್ಣ ದನಿಯಲ್ಲಿ ಹೇಳಿದರು, “ದೊಡ್ಡಕ್ಕ, ಈ ಅಂಗೀಕಾರಾನ ಒಂದು ವರ್ಷ ಮುಂದಕ್ಕೆ ಹಾಕೋಣವೇ?”

“ಬೇಡ. ನಾಲ್ಕು ನಿಮಿಷ ಕೂತು ಮಾಡಿದೀರಿ. ಇನ್ನು ಇಪ್ಪತ್ತೊಂಬತ್ತು ಬೀಗದ ಕೈ ಇದೆ. ಅಲುಗಾಡಬೇಡಿ.”

ಕತ್ತಲಾಗುವ ಹೊತ್ತಿಗೆ ನೆಂಟರೆಲ್ಲ ಹೋಗಿದ್ದರು. ಮುಗಿಯಲಿಲ್ಲ. ಭಾನುವಾರವೂ ಕೂತರು, ಅದರ ಮುಂದಿನ ಭಾನುವಾರವೂ.

ಆ ಕಾಲವೇ ಹಾಗಿತ್ತು. ನಮ್ಮ ಕಚೇರಿಗೆ ಅಲ್ಲಿಂದ ಮುಂದೆ ಒಳ್ಳೆಯ ಹೆಸರು ಬಂತು. ಬೇರೆ ಸಂಸ್ಥೆಗಳ ಕಾರ್ಯದರ್ಶಿಗಳು ಅಧ್ಯಕ್ಷರಿಗೆ ಗೊತ್ತಾಗದ ಹಾಗೆ ಮೆಟ್ಟಿಲು ಹತ್ತಿ ಬಂದು, ‘ಆ ಅಭ್ಯಾಸ ನಮಗೂ ಮಾಡಿಸಿ, ಕಡತ ಮಾತ್ರ ಸಾಹೇಬರ ಕೈಲೇ ಇರಲಿ’ ಎಂದು ನಮ್ಮೆಜಮಾನರನ್ನು ತೋರಿಸುತ್ತಿದ್ದರು. ಇವರ ಬೆನ್ನು ಇನ್ನಷ್ಟು ನೆಟ್ಟಗಾಯಿತು. ಈಗ ಆ ಮಹಡಿಯೂ ಇಲ್ಲ, ದರ್ಜಿಯೂ ಇಲ್ಲ. ಮೂರಂಶದವರು ಹೋದರು, ನಮ್ಮವರೂ ಹೋದರು. ಶಾಲೆ ಬಿಟ್ಟ ಮೇಲೆ ದೊಡ್ಡಕ್ಕ ಇನ್ನೂ ನಾಲ್ಕು ವರ್ಷ ಇದ್ದರು. ಸಂಜೆ ಹೊತ್ತು ತಮ್ಮ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಶಾಲೆಗೆ ಹೋಗುವ ನಮ್ಮನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದರು.

ಕಾರ್ಯದರ್ಶಿಗಳು ಎಂಟು ವರ್ಷ ಅಧ್ಯಕ್ಷರಾಗಿದ್ದರು. ಗುರುವಾರದ ಜಗಳಕ್ಕೆ ಮೊದಮೊದಲು ಹೆಂಡತಿಯನ್ನು ಕರೆದೊಯ್ದು, ಆಮೇಲೆ ಒಬ್ಬರೇ ಹೋಗುವಷ್ಟು ಪಳಗಿದರು. ವರ್ಷಕ್ಕೊಮ್ಮೆ ಪರೀಕ್ಷೆಯ ಫಲಿತಾಂಶವನ್ನು ಅವರೇ ಬರೆದು ಬಾಗಿಲಿಗೆ ಅಂಟಿಸುತ್ತಿದ್ದರು. ನಕ್ಷೆ ಬರೆದ ಕೈ, ಅಕ್ಷರ ಮುತ್ತಿನಂತೆ. ಬಣ್ಣದ ಮುದುಕ ಎಲ್ಲರಿಗಿಂತ ಮೊದಲು ಬಂದು, ಯಾರೂ ಇಲ್ಲವೆಂದು ಆಚೀಚೆ ನೋಡಿ, ತನ್ನ ಸಾಲನ್ನು ಓದಿಕೊಂಡು ಹೋಗುತ್ತಿದ್ದ. ಒಂದನೇ ತರಗತಿ: ಅನುತ್ತೀರ್ಣ. ಎಂಟು ವರ್ಷವೂ.